ಕಾಳಿಯ ನೀರಿಗೆ ತಿರುಗುವ ಯಂತ್ರಗಳನ್ನು ಮಾಡಿದವರು ಯಾರು?

ಹಬ್ಬುವಾಡದ ಮಾಸ್ತರ, ಕಾರವಾರ

ಕಳೆದ ವಾರ ಡಿಪ್ಲೊಮಾ ತರಗತಿಯಲ್ಲಿ ಕಾಳಿ ನದಿ ಕಣಿವೆಯ ವಿದ್ಯುತ್ ಯೋಜನೆಗಳ ಪಾಠ ನಡೆದಿದ್ದಾಗ ಒಬ್ಬ ಹುಡುಗ ಎದ್ದು ನಿಂತು, "ಸರ್, ಅಣೆಕಟ್ಟು ಎಷ್ಟು ಎತ್ತರ, ಎಷ್ಟು ಊರು ಮುಳುಗಿದವು ಎಂಬುದನ್ನು ಎಲ್ಲರೂ ಹೇಳುತ್ತಾರೆ, ಒಳಗಿನ ಯಂತ್ರವನ್ನು ಎಲ್ಲಿ ಮಾಡಿದರು ಎಂದು ಮಾತ್ರ ಯಾರೂ ಹೇಳುವುದಿಲ್ಲ" ಎಂದ. ಉತ್ತರ ನನ್ನಲ್ಲಿ ಅರ್ಧ ಮಾತ್ರ ಇತ್ತು. ಉಳಿದರ್ಧವನ್ನು ಇಲ್ಲಿರುವ ಅನುಭವಿಗಳಿಂದ ಪಡೆಯಬೇಕೆಂದು ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ.

ನಮ್ಮ ಉತ್ತರ ಕನ್ನಡ ಒಂದೇ ಜಿಲ್ಲೆಯಲ್ಲಿ ಎಷ್ಟು ವಿದ್ಯುತ್ತು ಹುಟ್ಟುತ್ತದೆ ಎಂಬುದನ್ನು ಮೊದಲು ನೋಡೋಣ. ಸೂಪಾ ಅಣೆಕಟ್ಟಿನ ಬುಡದಲ್ಲಿ 50 ಮೆಗಾವ್ಯಾಟ್‌ನ ಎರಡು ಯಂತ್ರ, ಅಂಬಿಕಾನಗರದ ಕೆಳಗಿನ ನಾಗಝರಿಯಲ್ಲಿ ಆರು ಯಂತ್ರಗಳಿಂದ ಸುಮಾರು 900 ಮೆಗಾವ್ಯಾಟ್, ಕೊಡಸಳ್ಳಿಯಲ್ಲಿ 120, ಕದ್ರಾದಲ್ಲಿ 150. ಸೂಪಾದಲ್ಲಿ ಒಮ್ಮೆ ತಿರುಗಿಸಿದ ನೀರೇ ಬೊಮ್ಮನಹಳ್ಳಿ ಜಲಾಶಯಕ್ಕೆ ಬಂದು, ಸುರಂಗದಲ್ಲಿ ಇಳಿದು, ಮತ್ತೆ ಮತ್ತೆ ಕೆಲಸ ಮಾಡಿ ಕೊನೆಗೆ ಸದಾಶಿವಗಡದ ಸೇತುವೆಯಡಿ ಸಮುದ್ರ ಸೇರುತ್ತದೆ. ಕದ್ರಾದ ಹಿನ್ನೀರು ಕೈಗಾ ಅಣುಸ್ಥಾವರದ 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳನ್ನೂ ತಂಪಾಗಿಸುತ್ತದೆ. ಹೊನ್ನಾವರ ತಾಲ್ಲೂಕಿನ ಗೇರುಸೊಪ್ಪಾದಲ್ಲಿ ಶರಾವತಿಯ 240 ಮೆಗಾವ್ಯಾಟ್ ಬೇರೆ.

ಇವುಗಳಲ್ಲಿ ನಾಗಝರಿಯ ಜಲಯಂತ್ರಗಳೂ ಕೈಗಾದ ಉಗಿ ಟರ್ಬೈನು ಮತ್ತು ಜನರೇಟರುಗಳೂ ಭಾರತ್ ಹೆವಿ ಎಲೆಕ್ಟ್ರಿಕಲ್ಸ್, ಅಂದರೆ ಬಿಎಚ್‌ಇಎಲ್, ಎಂಬ ಕೇಂದ್ರ ಸರ್ಕಾರದ ಕಂಪನಿಯವು. ಬ್ರಿಟಿಷ್ ಕಂಪನಿಯೊಂದರ ನೆರವಿನಿಂದ 1956ರಲ್ಲಿ ಭೋಪಾಲದ ಹೆವಿ ಎಲೆಕ್ಟ್ರಿಕಲ್ಸ್ ಸ್ಥಾಪನೆಯಾಯಿತು. 1964ರಲ್ಲಿ ಬಿಎಚ್‌ಇಎಲ್ ಹುಟ್ಟಿದಾಗ ಸೋವಿಯತ್ ನೆರವಿನ ಹರಿದ್ವಾರದ ಕಾರ್ಖಾನೆಯೂ, ಜೆಕೊಸ್ಲೊವಾಕಿಯಾದ ನೆರವಿನ ತಿರುಚಿರಾಪಳ್ಳಿ ಮತ್ತು ಹೈದರಾಬಾದಿನ ಕಾರ್ಖಾನೆಗಳೂ ಅದರ ಪಾಲಿಗೆ ಬಂದವು. 1974ರಲ್ಲಿ ಭೋಪಾಲವೂ ಇದರೊಳಗೆ ಸೇರಿತು. ಮೂರು ದೇಶಗಳ ನಕ್ಷೆ, ಮೂರು ಬಗೆಯ ಅಳತೆಯ ಅಭ್ಯಾಸಗಳು ಒಂದೇ ಕಂಪನಿಯೊಳಗೆ ಬಂದು ಕುಳಿತವು.

ನನ್ನ ಪ್ರಶ್ನೆ ಇಷ್ಟೇ: ಇಂಥ ಯಂತ್ರಗಳನ್ನು ಮಾಡಲು ಸರ್ಕಾರದ್ದೇ ಒಂದು ಕಂಪನಿ ಇರಬೇಕಾದದ್ದು ಆಗಿನ ಅನಿವಾರ್ಯವೇ, ಅಥವಾ ಇಂದಿಗೂ ಅಗತ್ಯವೇ?

ಶಿರಸಿಯ ತೋಟಿಗ

ಮಾಸ್ತರರೇ, ಅಗತ್ಯ ಎಂಬ ಶಬ್ದವನ್ನು ನಾನು ಅಷ್ಟು ಸುಲಭವಾಗಿ ಒಪ್ಪಲಾರೆ. 2011–12ರಲ್ಲಿ ಈ ಕಂಪನಿಯ ಲಾಭ ಏಳು ಸಾವಿರ ಕೋಟಿ ರೂಪಾಯಿ ದಾಟಿತ್ತು, 2013ರಲ್ಲಿ ಮಹಾರತ್ನ ಎಂಬ ಪಟ್ಟವೂ ಬಂತು. 2020–21ಕ್ಕೆ ಬಂದರೆ ಅದೇ ಕಂಪನಿ ಎರಡೂವರೆ ಸಾವಿರ ಕೋಟಿಗೂ ಮೀರಿದ ನಷ್ಟದಲ್ಲಿತ್ತು. ಒಂಬತ್ತು ವರ್ಷದಲ್ಲಿ ಇಷ್ಟು ಕುಸಿದದ್ದಕ್ಕೆ ಕಾರಣ ಹೊರಗೆ ಎಷ್ಟಿತ್ತೋ ಒಳಗೂ ಅಷ್ಟೇ ಇತ್ತು.

2003ರ ವಿದ್ಯುತ್ ಕಾಯ್ದೆಯ ನಂತರ ಖಾಸಗಿಯವರು ಕಲ್ಲಿದ್ದಲು ಸ್ಥಾವರಗಳನ್ನು ಕಟ್ಟಲು ಮುಗಿಬಿದ್ದಾಗ ಬಿಎಚ್‌ಇಎಲ್‌ಗೆ ಅಷ್ಟು ಯಂತ್ರಗಳನ್ನು ಹೊತ್ತಿಗೆ ಸರಿಯಾಗಿ ಕೊಡುವ ಶಕ್ತಿ ಇರಲಿಲ್ಲ. ಆ ತೆರಪಿನಲ್ಲಿ ಚೀನಾದ ಕಂಪನಿಗಳು ಕಡಿಮೆ ಬೆಲೆಗೆ, ಬೇಗ ಕೊಡುತ್ತೇವೆಂದು ಒಳಬಂದವು. ದೂರ ಹೋಗುವುದು ಬೇಡ, ನಮ್ಮ ನೆರೆಯ ಪಡುಬಿದ್ರಿಯ 600 ಮೆಗಾವ್ಯಾಟ್‌ನ ಎರಡು ಘಟಕಗಳ ಯಂತ್ರಗಳು ಚೀನಾದವೇ. ಇದನ್ನು ಕಂಡು ಬಿಎಚ್‌ಇಎಲ್ ತನ್ನ ಸಾಮರ್ಥ್ಯವನ್ನು ವರ್ಷಕ್ಕೆ 20,000 ಮೆಗಾವ್ಯಾಟ್‌ವರೆಗೆ ಏರಿಸಿತು. ಏರಿಸಿ ಮುಗಿಯುವ ಹೊತ್ತಿಗೆ ಕಲ್ಲಿದ್ದಲಿನ ಕೊರತೆ, ಖಾಸಗಿ ಕಂಪನಿಗಳ ಸಾಲ, ಆಮೇಲೆ ಸೌರವಿದ್ಯುತ್ತು ಎಲ್ಲ ಸೇರಿ ಬೇಡಿಕೆಯೇ ಬತ್ತಿಹೋಯಿತು. ಅಡಿಕೆಗೆ ಬೆಲೆ ಬಂದ ವರ್ಷ ಗದ್ದೆಯನ್ನೆಲ್ಲ ತೋಟ ಮಾಡಿ, ಗಿಡ ಫಸಲಿಗೆ ಬರುವ ಹೊತ್ತಿಗೆ ಧಾರಣೆ ಬಿದ್ದಂತೆ ಆಯಿತು. ನಮ್ಮ ಕಡೆಯವರಿಗೆ ಇದನ್ನು ಇದಕ್ಕಿಂತ ಬಿಡಿಸಿ ಹೇಳಬೇಕಿಲ್ಲ.

ಹಾಗಾಗಿ ಸರ್ಕಾರದ್ದು ಎಂಬ ಒಂದೇ ಕಾರಣಕ್ಕೆ ತಲೆಯ ಮೇಲೆ ಹೊತ್ತುಕೊಳ್ಳುವುದು ಬೇಡ. ಯಂತ್ರ ಒಳ್ಳೆಯದಿರಬೇಕು, ಹೊತ್ತಿಗೆ ಬರಬೇಕು. ಯಾರು ಮಾಡಿದರೇನು?

ಅಂಬಿಕಾನಗರದ ಹಳೆಯ ಫಿಟ್ಟರ್

ತೋಟಿಗರ ಕೊನೆಯ ವಾಕ್ಯಕ್ಕೆ ಉತ್ತರ ಕೊಡುವ ಮೊದಲು ನಾಗಝರಿಯ ಒಳಗೆ ಒಂದು ಸುತ್ತು ಕರೆದುಕೊಂಡು ಹೋಗುತ್ತೇನೆ. ನಾನು ಅಲ್ಲಿ ನಿರ್ವಹಣೆಯ ಕೆಲಸದಲ್ಲಿ ಬಹುಕಾಲ ಇದ್ದವನು, ನಿವೃತ್ತನಾಗಿ ಈಗ ದಾಂಡೇಲಿಯಲ್ಲಿದ್ದೇನೆ.

ಅಲ್ಲಿಯ ಟರ್ಬೈನುಗಳು ಫ್ರಾನ್ಸಿಸ್ ಮಾದರಿಯವು. ಬೆಟ್ಟದ ಮೇಲಿಂದ ಪೆನ್‌ಸ್ಟಾಕ್ ಕೊಳವೆಯಲ್ಲಿ ಇಳಿದ ನೀರು ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಕವಚವನ್ನು ಹೊಕ್ಕು, ಗೈಡ್ ವೇನ್ ಎಂಬ ಕದಗಳ ಸಾಲಿನ ನಡುವೆ ನುಗ್ಗಿ, ರನ್ನರ್ ಎಂಬ ಚಕ್ರವನ್ನು ತಿರುಗಿಸಿ ಕೆಳಗೆ ಬೀಳುತ್ತದೆ. ಆ ಚಕ್ರಕ್ಕೆ ನಿಲುವಾಗಿ ಒಂದು ಶಾಫ್ಟ್, ಅದರ ಮೇಲ್ತುದಿಯಲ್ಲಿ ಜನರೇಟರಿನ ತಿರುಗುವ ಭಾಗವಾದ ರೋಟರ್. ನೂರಾರು ಟನ್ನಿನ ಈ ಪೂರ್ತಿ ಭಾರ, ಜೊತೆಗೆ ನೀರಿನ ಒತ್ತಡ, ಎಲ್ಲವೂ ಬಂದು ಕೂರುವುದು ಥ್ರಸ್ಟ್ ಬೇರಿಂಗ್ ಎಂಬ ಜಾಗದಲ್ಲಿ. ವೃತ್ತಾಕಾರದಲ್ಲಿ ಜೋಡಿಸಿದ ಪ್ಯಾಡುಗಳು, ಅವುಗಳ ಮೇಲೆ ವೈಟ್ ಮೆಟಲ್ ಎಂಬ ಮೆತ್ತನೆಯ ಲೋಹದ ಪದರ, ಎಲ್ಲವೂ ಎಣ್ಣೆಯಲ್ಲಿ ಮುಳುಗಿರುತ್ತವೆ. ಯಂತ್ರ ತಿರುಗುವಾಗ ಲೋಹಕ್ಕೆ ಲೋಹ ಮುಟ್ಟುವುದೇ ಇಲ್ಲ, ನಡುವೆ ಕೂದಲಿಗಿಂತ ತೆಳ್ಳಗಿನ ಎಣ್ಣೆಯ ಪೊರೆ ಇರುತ್ತದೆ. ಆ ಪೊರೆ ಹರಿದರೆ ಕೆಲವೇ ನಿಮಿಷಗಳಲ್ಲಿ ವೈಟ್ ಮೆಟಲ್ ಬೆಣ್ಣೆಯಂತೆ ಒರೆಸಿಹೋಗುತ್ತದೆ.

ಮಳೆಗಾಲದಲ್ಲಿ ಬೇಡಿಕೆ ತಗ್ಗಿದಾಗ ಒಂದೊಂದೇ ಯಂತ್ರವನ್ನು ನಿಲ್ಲಿಸಿ ಬಿಚ್ಚುತ್ತಿದ್ದೆವು. ಪ್ಯಾಡನ್ನು ಹೊರತೆಗೆದು, ಸಮತಟ್ಟಾದ ತಟ್ಟೆಗೆ ನೀಲಿ ಬಣ್ಣವನ್ನು ತೆಳ್ಳಗೆ ಬಳಿದು, ಪ್ಯಾಡನ್ನು ಅದರ ಮೇಲೆ ಒಮ್ಮೆ ಎಳೆದು ಎತ್ತಿದರೆ ಎಲ್ಲೆಲ್ಲಿ ನೀಲಿ ಅಂಟಿದೆಯೋ ಅಲ್ಲಿ ಉಬ್ಬು ಇದೆ ಎಂದರ್ಥ. ಅಷ್ಟನ್ನು ಮಾತ್ರ ಸ್ಕ್ರೇಪರಿನಿಂದ ಕೆರೆದು, ಮತ್ತೆ ನೀಲಿ ಹಚ್ಚಿ, ಮತ್ತೆ ಎಳೆದು ನೋಡಬೇಕು. ಚುಕ್ಕಿಗಳು ಇಡೀ ಪ್ಯಾಡಿನ ಮೇಲೆ ರಂಗೋಲಿ ಎಳೆಯಂತೆ ಸಮನಾಗಿ ಹರಡುವವರೆಗೂ ಇದೇ ಕೆಲಸ. ಕೆಲವು ದಿನ ಬೆಳಗಿನಿಂದ ಸಂಜೆಯವರೆಗೆ ಒಂದೇ ಪ್ಯಾಡಿನ ಮುಂದೆ ಕುಕ್ಕರಗಾಲಿನಲ್ಲಿ ಕೂತದ್ದಿದೆ. ರನ್ನರಿನ ಕೆಲಸ ಇನ್ನೊಂದು ಬಗೆಯದು. ಒತ್ತಡ ತಗ್ಗಿದ ಕಡೆ ನೀರಿನಲ್ಲಿ ಗುಳ್ಳೆಗಳು ಹುಟ್ಟಿ, ರೆಕ್ಕೆಯ ಮೈಗೆ ಬಡಿದು ಒಡೆದು, ಉಕ್ಕನ್ನು ಗೆದ್ದಲು ತಿಂದಂತೆ ತಿಂದಿರುತ್ತವೆ. ಆ ಗುಳಿಗಳಿಗೆ ಹೊಂದುವ ಕಡ್ಡಿಯಿಂದ ಬೆಸುಗೆ ತುಂಬಿ, ಗ್ರೈಂಡರಿನಿಂದ ಉಜ್ಜಿ, ಮೂಲ ಆಕಾರದ ತಗಡಿನ ಅಚ್ಚನ್ನು ಇಟ್ಟು ಬೆಳಕು ತೂರದಂತೆ ಮಾಡಬೇಕು.

ಈಗ ತೋಟಿಗರ ಪ್ರಶ್ನೆಗೆ ಬರುತ್ತೇನೆ. ಆ ತಗಡಿನ ಅಚ್ಚು ಎಲ್ಲಿಂದ ಬರಬೇಕು? ರೆಕ್ಕೆಯ ವಕ್ರತೆ ಇರುವುದು ಯಂತ್ರ ಮಾಡಿದವರ ನಕ್ಷೆಯಲ್ಲಿ. ನಾಗಝರಿಯ ಯಂತ್ರಗಳು 1970ರ ದಶಕದ ಕೊನೆಯಿಂದ 1980ರ ದಶಕದ ಮಧ್ಯದೊಳಗೆ ಬಂದವು, ಈಗ ಅವಕ್ಕೆ ನಲವತ್ತರ ಮೇಲಾಗಿದೆ, ಇನ್ನೂ ತಿರುಗುತ್ತಿವೆ. ಮೂಲದಲ್ಲಿ 135 ಮೆಗಾವ್ಯಾಟ್‌ನವಾಗಿದ್ದ ಯಂತ್ರಗಳನ್ನು ಮುಂದೆ 150ಕ್ಕೆ ಏರಿಸಲಾಯಿತು. ಇಂಥ ಯಂತ್ರವನ್ನು ಕೊಳ್ಳುವವನು ಅದನ್ನು ಮಾಡಿದವನ ನೆನಪನ್ನೂ ಸೇರಿಸಿಯೇ ಕೊಳ್ಳುತ್ತಾನೆ. ನಲವತ್ತು ವರ್ಷದ ನಂತರ ಒಂದು ಗೈಡ್ ವೇನ್ ಬೇಕೆಂದರೆ ನಕ್ಷೆಯನ್ನು ಹುಡುಕಿ ಕೊಡುವ ಬಾಗಿಲು ಎಲ್ಲಿಯಾದರೂ ತೆರೆದಿರಬೇಕು. ಹೊತ್ತಿಗೆ ಬರಬೇಕು ಎಂದಿರಿ, ಒಪ್ಪುತ್ತೇನೆ. ಯಂತ್ರ ಬಂದ ಆ ಒಂದು ದಿನದ ಹೊತ್ತು ಮಾತ್ರ ಲೆಕ್ಕಕ್ಕೆ ಸಾಲದು.

ಅರ್ಗಾದವ

ವಿಷಯಕ್ಕೆ ಸ್ವಲ್ಪ ಬದಿಯಿಂದ ಬರುವ ಮಾತು. ನಮ್ಮ ಕಾರವಾರದ ಜನ ಪ್ರತಿದಿನ ನೋಡುವ ನೌಕಾಪಡೆಯ ಹಡಗುಗಳಲ್ಲಿ ಹಲವದರ ಮುಂಭಾಗದಲ್ಲಿ ಗುಂಡಗಿನ ಗೋಪುರದಿಂದ ಮೂತಿ ಚಾಚಿದ 76 ಮಿಲಿಮೀಟರಿನ ತೋಪು ಇರುತ್ತದೆ. ಇಟಲಿಯ ವಿನ್ಯಾಸದ ಆ ತೋಪನ್ನು ಇಲ್ಲಿ ತಯಾರಿಸುವುದು ಬಿಎಚ್‌ಇಎಲ್‌ನ ಹರಿದ್ವಾರದ ಕಾರ್ಖಾನೆ. ಟರ್ಬೈನಿನ ಶಾಫ್ಟನ್ನು ಕೂದಲೆಳೆಯ ಲೆಕ್ಕದಲ್ಲಿ ಕಡೆಯಬಲ್ಲವರಿಗೆ ತೋಪಿನ ಭಾಗಗಳನ್ನು ಕಡೆಯುವುದೂ ಸಾಧ್ಯವಾಯಿತು ಎಂದು ನಾನು ಅರ್ಥಮಾಡಿಕೊಂಡಿದ್ದೇನೆ.

ಹಬ್ಬುವಾಡದ ಮಾಸ್ತರ, ಕಾರವಾರ

ಫಿಟ್ಟರ್ ಅಣ್ಣನವರ ಬರಹವನ್ನು ನಾಳೆ ತರಗತಿಯಲ್ಲಿ ಓದಿಸುತ್ತೇನೆ. ಕೈಗಾದ ಯಂತ್ರಗಳ ಬಗ್ಗೆ ನಾನೂ ಸ್ವಲ್ಪ ಸೇರಿಸುತ್ತೇನೆ, ಏಕೆಂದರೆ ಹುಡುಗರು ಎರಡನ್ನೂ ಒಂದೇ ಎಂದು ತಿಳಿಯುತ್ತಾರೆ.

ನಮ್ಮ ಮನೆಯ ವಿದ್ಯುತ್ತು ಸೆಕೆಂಡಿಗೆ 50 ಸಲ ದಿಕ್ಕು ಬದಲಿಸಿ ಮರಳುತ್ತದೆ. ಜಲಯಂತ್ರ ನಿಧಾನವಾಗಿ ತಿರುಗುವುದರಿಂದ ಆ ಐವತ್ತನ್ನು ಸಾಧಿಸಲು ಅದರ ರೋಟರಿಗೆ ಹಲವು ಜೋಡಿ ಕಾಂತಧ್ರುವಗಳು ಬೇಕು. ನಿಮಿಷಕ್ಕೆ 300 ಸುತ್ತಾದರೆ ಇಪ್ಪತ್ತು ಧ್ರುವ. ಹಾಗಾಗಿ ಅದು ಅಗಲ, ಗಿಡ್ಡ. ಕೈಗಾದ ಯಂತ್ರ ನಿಮಿಷಕ್ಕೆ 3,000 ಸುತ್ತು ತಿರುಗುತ್ತದೆ, ಎರಡೇ ಧ್ರುವ ಸಾಕು, ಆದ್ದರಿಂದ ಅದು ಉದ್ದ, ತೆಳ್ಳಗೆ, ಅಡ್ಡಲಾಗಿ ಮಲಗಿರುತ್ತದೆ. ಇನ್ನೊಂದು ವ್ಯತ್ಯಾಸ ಉಗಿಯಲ್ಲಿದೆ. ರಾಯಚೂರಿನ ಕಲ್ಲಿದ್ದಲು ಸ್ಥಾವರದ ಉಗಿ 500 ಡಿಗ್ರಿಗೂ ಮೀರಿ ಕಾದು ಒಣಗಿರುತ್ತದೆ. ಕೈಗಾದ ಉಗಿ 250 ಡಿಗ್ರಿಯ ಆಸುಪಾಸಿನದು, ಅಕ್ಕಿ ಬೇಯುವ ಪಾತ್ರೆಯ ಮುಚ್ಚಳ ಸರಿಸಿದಾಗ ಬರುವಂಥ ಒದ್ದೆ ಉಗಿಯ ಜಾತಿಗೆ ಸೇರಿದ್ದು. ಟರ್ಬೈನಿನಲ್ಲಿ ಅದು ಹಿಗ್ಗುತ್ತ ಹೋದಂತೆ ಹನಿಗಳಾಗಿ, ಆ ಹನಿಗಳು ಅತಿವೇಗದ ರೆಕ್ಕೆಗಳಿಗೆ ಮರಳಿನಂತೆ ಬಡಿಯುತ್ತವೆ. ಅದಕ್ಕಾಗಿ ನಡುವೆ ಒಂದು ಕಡೆ ಉಗಿಯನ್ನು ಹೊರಗೆ ತೆಗೆದು, ನೀರನ್ನು ಬೇರ್ಪಡಿಸಿ, ಮತ್ತೆ ಬಿಸಿ ಮಾಡಿ ಮುಂದಿನ ಹಂತಕ್ಕೆ ಕೊಡುತ್ತಾರೆ.

ಹೀಗಿದ್ದೂ ಕೈಗಾದ ಒಂದನೆಯ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ, 962 ದಿನ, ಒಮ್ಮೆಯೂ ನಿಲ್ಲದೆ ನಡೆದು ಬ್ರಿಟನ್ನಿನ ಸ್ಥಾವರವೊಂದರ 940 ದಿನಗಳ ದಾಖಲೆಯನ್ನು ಮುರಿಯಿತು. ರಿಯಾಕ್ಟರಿಗೆ ಅದರ ಕೀರ್ತಿ ಸಿಕ್ಕಿತು, ಸಿಗಬೇಕಾದ್ದೇ. ನಡೆಯುತ್ತಿದ್ದಂತೆಯೇ ಇಂಧನ ಬದಲಿಸಬಹುದಾದ ರಿಯಾಕ್ಟರ್ ಅಲ್ಲದಿದ್ದರೆ ಇದು ಸಾಧ್ಯವೂ ಇರಲಿಲ್ಲ. ಆದರೆ ಆ ಎರಡೂವರೆ ವರ್ಷಕ್ಕೂ ಹೆಚ್ಚು ಕಾಲ ಟರ್ಬೈನಿನ ಒಂದು ಬೇರಿಂಗೂ ಬಿಸಿಯೇರಿ ನಿಲ್ಲಿಸಲಿಲ್ಲ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಶಿರಸಿಯ ತೋಟಿಗ

962 ದಿನದ ಮಾತಿಗೆ ನನ್ನ ತಕರಾರಿಲ್ಲ. ಫಿಟ್ಟರ್ ರಾಯರು ಹೇಳಿದ ನಕ್ಷೆಯ ಮಾತನ್ನೂ ಒಪ್ಪುತ್ತೇನೆ, ನನಗದು ಹೊಳೆದಿರಲಿಲ್ಲ. ಆದರೆ ನಕ್ಷೆ ಕೈಯಲ್ಲಿದೆ ಎಂಬ ಧೈರ್ಯವೇ ಮಾಡುವವನನ್ನು ಸೋಮಾರಿ ಮಾಡುವುದೂ ಉಂಟು. ಬೇರೆಯವರ ಹತ್ತಿರ ಹೋಗಲಾರರು ಎಂದು ಗೊತ್ತಿದ್ದರೆ ಬಿಡಿಭಾಗದ ಬೆಲೆಯನ್ನೂ ಅವಧಿಯನ್ನೂ ಅವನೇ ನಿರ್ಧರಿಸುತ್ತಾನೆ. ನನ್ನ ಅಡಿಕೆ ಸುಲಿಯುವ ಯಂತ್ರ ಒಬ್ಬ ಖಾಸಗಿಯವನಿಂದ ಕೊಂಡದ್ದು. ಅದರ ಒಂದು ಹಲ್ಲುಚಕ್ರಕ್ಕಾಗಿ ಎರಡು ಸುಗ್ಗಿ ಕಾಯಿಸಿದ.

ಕುಮಟಾದ ಲೈನ್ ಕೆಲಸದವ

ಎಲ್ಲರೂ ಟರ್ಬೈನಿನ ಬಗ್ಗೆಯೇ ಬರೆಯುತ್ತಿದ್ದೀರಿ. ನಾನು ಕಂಬ, ಗೋಪುರ ಹತ್ತಿದವನಾದ್ದರಿಂದ ಪಿಂಗಾಣಿಯ ಬಗ್ಗೆ ಬರೆಯುತ್ತೇನೆ.

ಬೆಂಗಳೂರಿನ ಮಲ್ಲೇಶ್ವರದ ಹತ್ತಿರ, ಭಾರತೀಯ ವಿಜ್ಞಾನ ಸಂಸ್ಥೆಯ ನೆರೆಯಲ್ಲಿ, 1932ರಲ್ಲಿ ಮೈಸೂರು ಸಂಸ್ಥಾನ ಒಂದು ಪಿಂಗಾಣಿ ಕಾರ್ಖಾನೆಯನ್ನು ತೆರೆಯಿತು. ಶಿವನಸಮುದ್ರದಲ್ಲಿ 1902ರಲ್ಲಿಯೇ ವಿದ್ಯುತ್ ಹುಟ್ಟಿಸಿದ ಸಂಸ್ಥಾನಕ್ಕೆ ತಂತಿಯನ್ನು ಗೋಪುರದಿಂದ ದೂರ ಇಡುವ ಇನ್ಸುಲೇಟರುಗಳು ರಾಶಿಗಟ್ಟಲೆ ಬೇಕಿದ್ದವು. 1970ರ ದಶಕದಲ್ಲಿ ಅದು ಬಿಎಚ್‌ಇಎಲ್‌ನ ಕೈಸೇರಿತು. ಮೈಸೂರು ರಸ್ತೆಯಲ್ಲಿ ಅದೇ ಕಂಪನಿಯ ಎಲೆಕ್ಟ್ರಾನಿಕ್ಸ್ ವಿಭಾಗವೂ ಇದೆ, ಸ್ಥಾವರಗಳ ನಿಯಂತ್ರಣ ಫಲಕಗಳು ತಯಾರಾಗುವುದು ಅಲ್ಲಿ. ಆ 1932ರಲ್ಲಿ ನಮ್ಮ ಜಿಲ್ಲೆ ಮುಂಬೈ ಪ್ರಾಂತದ ತುದಿಯಲ್ಲಿತ್ತು, ಮೈಸೂರಿನ ಕಾರ್ಖಾನೆಗಳ ಗಾಳಿ ನಮಗೆ ಬೀಸಲಿಲ್ಲ.

ಗೋಪುರದಿಂದ ಸರದಂತೆ ಇಳಿಬಿದ್ದ ಪಿಂಗಾಣಿ ತಟ್ಟೆಗಳನ್ನು ನಾವು ಡಿಸ್ಕ್ ಎನ್ನುತ್ತೇವೆ. 110 ಕಿಲೋವೋಲ್ಟ್ ಲೈನಿನಲ್ಲಿ ಏಳೆಂಟು, 220ರಲ್ಲಿ ಹದಿನಾಲ್ಕರಷ್ಟು. ಪ್ರತಿ ಡಿಸ್ಕಿನ ಕೆಳಮೈಯಲ್ಲಿ ಸುತ್ತು ಸುತ್ತಾಗಿ ಏಣುಗಳಿರುತ್ತವೆ. ವಿದ್ಯುತ್ತು ಮೈಮೇಲೆ ಹರಿದು ಬರಬೇಕಾದರೆ ಆ ಏಣುಗಳನ್ನೆಲ್ಲ ಹತ್ತಿ ಇಳಿಯಬೇಕು, ದಾರಿ ಉದ್ದವಾದಷ್ಟೂ ಸೋರಿಕೆ ಕಡಿಮೆ. ಘಟ್ಟದ ಮೇಲೆ ಇದು ಹತ್ತಾರು ವರ್ಷ ತೊಂದರೆಯಿಲ್ಲದೆ ನಡೆಯುತ್ತದೆ. ಕರಾವಳಿಯ ಕಥೆ ಬೇರೆ. ದೀಪಾವಳಿಯಿಂದ ಮೇ ತಿಂಗಳವರೆಗೆ ಮಳೆಯಿಲ್ಲದೆ ಸಮುದ್ರದ ಗಾಳಿಯ ಉಪ್ಪು ಡಿಸ್ಕುಗಳ ಮೇಲೆ ಪದರವಾಗಿ ಕೂರುತ್ತದೆ. ಒಣ ಉಪ್ಪು ಏನೂ ಮಾಡುವುದಿಲ್ಲ. ಬೆಳಗಿನ ಜಾವ ಇಬ್ಬನಿ ಬಿದ್ದು ಉಪ್ಪು ಒದ್ದೆಯಾದ ಕೂಡಲೆ ಡಿಸ್ಕಿನ ಮೈಮೇಲೆ ನೀಲಿ ಕಿಡಿ ಹರಿದಾಡತೊಡಗುತ್ತದೆ, ಎಣ್ಣೆಗೆ ಸಾಸಿವೆ ಹಾಕಿದಂಥ ಸದ್ದು ಬರುತ್ತದೆ, ಕಿಡಿ ಕಿಡಿ ಕೂಡಿ ಪೂರ್ತಿ ಸರವನ್ನೇ ದಾಟಿದರೆ ಲೈನ್ ಟ್ರಿಪ್, ಅಂದರೆ ವಿದ್ಯುತ್ತು ತಾನಾಗಿಯೇ ಕಡಿದುಹೋಗುತ್ತದೆ. ಮೊದಲ ಜೋರು ಮಳೆ ಬಿದ್ದರೆ ಎಲ್ಲ ತೊಳೆದುಹೋಗಿ ಸುಮ್ಮನಾಗುತ್ತದೆ. ಆದರೆ ಮಳೆಯ ಮುಂಚಿನ ತುಂತುರು ಇದೆಯಲ್ಲ, ಅದಕ್ಕೆ ನಾವು ಇಂದಿಗೂ ಹೆದರುತ್ತೇವೆ.

ಇದಕ್ಕೆ ಪರಿಹಾರವಾಗಿ ಏಣು ಆಳವಾದ, ಮಂಜಿಗೆಂದೇ ಮಾಡಿದ ಡಿಸ್ಕುಗಳು ಬಂದವು. ಈಗ ಸಿಲಿಕೋನ್ ರಬ್ಬರಿನವು ಬಂದಿವೆ. ಕೆಸುವಿನ ಎಲೆಯ ಮೇಲಿನಂತೆ ನೀರು ಅದರ ಮೇಲೆ ಹರಡದೆ ಹನಿಯಾಗಿಯೇ ನಿಲ್ಲುತ್ತದೆ, ಆದ್ದರಿಂದ ಸೋರುವ ದಾರಿ ಕೂಡುವುದಿಲ್ಲ. ಯಾವ ಊರಿಗೆ ಯಾವುದು ಎಂದು ಆರಿಸುವುದು ಕೊಳ್ಳುವವರ ಕೆಲಸ. ಘಟ್ಟದ ಮೇಲಿನ ಅಳತೆಯ ಡಿಸ್ಕನ್ನೇ ಸಮುದ್ರದ ಬದಿಗೂ ಕಟ್ಟಿದರೆ ಮಾಡಿದ ಕಾರ್ಖಾನೆಯನ್ನು ಬೈದು ಪ್ರಯೋಜನವಿಲ್ಲ.

ಜೊಯಿಡಾದ ಮಗಳು

ಎಲ್ಲರೂ ಗೌರವದಿಂದ ಬರೆಯುತ್ತಿದ್ದೀರಿ, ನಾನೂ ಹಾಗೆಯೇ ಬರೆಯಲು ಪ್ರಯತ್ನಿಸುತ್ತೇನೆ. ನಮ್ಮ ತಾಲ್ಲೂಕಿಗೆ ಹಿಂದೆ ಸೂಪಾ ಎಂದೇ ಹೆಸರಿತ್ತು. ಆ ಊರು ಈಗ ನೀರಿನಡಿಯಲ್ಲಿದೆ, ನಮ್ಮ ಹಿರಿಯರು ರಾಮನಗರಕ್ಕೆ ಬಂದವರು. ಆಯಿಗೆ ಟರ್ಬೈನ್ ಎಂದರೆ ಏನೆಂದು ಕೊನೆಯವರೆಗೂ ಗೊತ್ತಾಗಲಿಲ್ಲ. 'ನಮ್ಮ ಹೊಳೆಯನ್ನು ತಿರುಗುವ ಗಾಣಕ್ಕೆ ಕೊಟ್ಟರು' ಎನ್ನುತ್ತಿದ್ದಳು.

ಭೋಪಾಲದ ಸುತ್ತ ಒಂದು ನಗರವೇ ಬೆಳೆಯಿತು, ತಿರುಚಿಯ ಸುತ್ತ ನೂರಾರು ಸಣ್ಣ ವೆಲ್ಡಿಂಗ್ ಕಾರ್ಖಾನೆಗಳು ಹುಟ್ಟಿದವು. ಯಂತ್ರ ಮಾಡಿದ ಊರಿಗೆ ಕಸುಬು ಸಿಕ್ಕಿತು, ಯಂತ್ರ ಕೂತ ಊರಿಗೆ ಕಾವಲುಗಾರನ ಕೆಲಸ ಸಿಕ್ಕಿತು. ಬಿಎಚ್‌ಇಎಲ್ ಬೇಕೇ ಬೇಡವೇ ಎಂದು ಕೇಳುವಾಗ, ಅದರ ಯಂತ್ರಗಳನ್ನು ನಲವತ್ತು ವರ್ಷ ಹೊತ್ತ ಈ ಜಿಲ್ಲೆಯಲ್ಲಿ ಅವುಗಳನ್ನು ದುರಸ್ತಿ ಮಾಡುವ ಒಂದು ಶೆಡ್ಡಾದರೂ ಏಕಿಲ್ಲ ಎಂಬುದನ್ನೂ ಕೇಳಿ. ರನ್ನರ್ ಕೆಟ್ಟರೆ ಅದು ಘಟ್ಟ ಹತ್ತಿ ಸಾವಿರ ಕಿಲೋಮೀಟರು ದೂರ ಹೋಗಬೇಕು ಎಂಬುದು ನನಗೆ ಅರ್ಥವಾಗದ ಲೆಕ್ಕ.

ಅಂಬಿಕಾನಗರದ ಹಳೆಯ ಫಿಟ್ಟರ್

ತಂಗಿ, ನಿನ್ನ ಆಯಿಯ ಮಾತಿಗೆ ಎದುರಾಡುವ ಯೋಗ್ಯತೆ ನನಗಿಲ್ಲ, ನಾನು ಆ ಗಾಣದಿಂದಲೇ ಉಂಡವನು. ಶೆಡ್ಡಿನ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. ಗುಳಿ ತುಂಬುವುದು, ಪ್ಯಾಡ್ ಕೂರಿಸುವುದು, ಗೈಡ್ ವೇನ್ ಸರಿಪಡಿಸುವುದು, ಇವೆಲ್ಲ ಸ್ಥಳದಲ್ಲಿಯೇ ಆಗುತ್ತಿದ್ದವು, ಇಲ್ಲಿಯ ಹುಡುಗರೇ ಮಾಡುತ್ತಿದ್ದರು. ರನ್ನರನ್ನು ಪೂರ್ತಿ ಹೊಸದಾಗಿ ಕಡೆಯುವುದಕ್ಕೆ, ತಿರುಗಿಸಿ ತೂಕದ ಸಮತೋಲ ನೋಡುವುದಕ್ಕೆ ಬೇಕಾದ ದೊಡ್ಡ ಯಂತ್ರಗಳು ದೇಶದಲ್ಲಿಯೇ ಕೆಲವೇ ಕಡೆ ಇವೆ, ಅವನ್ನು ಜಿಲ್ಲೆಗೊಂದು ಇಡಲು ಬರುವುದಿಲ್ಲ. ಆದರೆ ಇವೆರಡರ ನಡುವಿನ ಕೆಲಸ ಬಹಳ ಇದೆ. ಕಾಳಿ, ಶರಾವತಿ, ವಾರಾಹಿ ಮೂರು ಕಣಿವೆಗಳಿಗೂ ಸೇರಿ ಒಂದು ದುರಸ್ತಿ ಕಾರ್ಯಾಗಾರ ದಾಂಡೇಲಿಯಲ್ಲಿಯೋ ಹೊನ್ನಾವರದಲ್ಲಿಯೋ ನಡೆಯಬಹುದಿತ್ತು. ನಡೆಯಲಿಲ್ಲ. ಅದು ನಿನ್ನ ದೂರು ಸರಿ ಇರುವ ಜಾಗ.

ಅಂಕೋಲಾದ ವಿದ್ಯಾರ್ಥಿನಿ

ನಾನು ಮೆಕ್ಯಾನಿಕಲ್ ಡಿಪ್ಲೊಮಾದ ಕೊನೆಯ ವರ್ಷದಲ್ಲಿದ್ದೇನೆ, ಮಾಸ್ತರರ ತರಗತಿಯವಳೇ. ಅಪ್ರೆಂಟಿಸ್ ಆಗಿ ಇಂಥ ಕಾರ್ಖಾನೆಗೆ ಅರ್ಜಿ ಹಾಕಬೇಕೆಂದಿದ್ದೇನೆ, ಮನೆಯಲ್ಲಿ 'ಒಂದು ವರ್ಷದ ಮೇಲೆ ಕೆಲಸ ಕೊಡುತ್ತಾರೆಂಬ ಭರವಸೆ ಇಲ್ಲ, ಅಷ್ಟು ದೂರ ಏಕೆ' ಎನ್ನುತ್ತಿದ್ದಾರೆ. ಕೈಗಾದಲ್ಲಿ 700 ಮೆಗಾವ್ಯಾಟ್‌ನ ಐದು ಮತ್ತು ಆರನೆಯ ಘಟಕಗಳು ಬರಲಿವೆ. ಕಾರ್ಖಾನೆಯಲ್ಲಿ ಕಲಿತದ್ದು ಇಲ್ಲಿಯೇ ಉಪಯೋಗಕ್ಕೆ ಬರಬಹುದೇ ಎಂಬುದು ಒಂದು ಪ್ರಶ್ನೆ. ಇನ್ನೊಂದು, ಫಿಟ್ಟರ್ ಅಜ್ಜನವರು ಹೇಳಿದ ನೀಲಿ ಹಚ್ಚಿ ಕೆರೆಯುವ ಕೆಲಸವನ್ನು ಈಗಲೂ ಕಲಿಸುತ್ತಾರೆಯೇ?

ಹಬ್ಬುವಾಡದ ಮಾಸ್ತರ, ಕಾರವಾರ

ಅಪ್ರೆಂಟಿಸ್ ಎಂದರೆ ಕಲಿಕೆಯ ಅವಧಿ, ಕೆಲಸದ ಕರಾರಲ್ಲ. ಮನೆಯವರು ಹೇಳಿದ್ದು ನಿಜ. ಆದರೆ ನಮ್ಮ ಪ್ರಯೋಗಾಲಯದ ಲೇಥಿನಲ್ಲಿ ನೀನು ಕಡೆದ ಅತಿ ದೊಡ್ಡ ವಸ್ತು ಅಂಗೈಯಗಲದ್ದು. ಮನುಷ್ಯ ಒಳಗೆ ನಿಂತು ನಡೆಯಬಹುದಾದಷ್ಟು ದೊಡ್ಡ ಕವಚದ ಮೇಲೆ ಅಳತೆ ಹಿಡಿಯುವುದು ಹೇಗೆಂದು ನಾನು ಕಪ್ಪುಹಲಗೆಯ ಮೇಲೆ ಕಲಿಸಲಾರೆ. ಅರ್ಜಿ ಹಾಕು, ಮನೆಯಲ್ಲಿ ನಾನೂ ಒಂದು ಮಾತು ಹೇಳುತ್ತೇನೆ. ಎರಡನೆಯ ಪ್ರಶ್ನೆ ಫಿಟ್ಟರ್ ಅಣ್ಣನವರಿಗೆ.

ಶಿರಸಿಯ ತೋಟಿಗ

ಇಷ್ಟು ಹೊತ್ತು ವಿರೋಧ ಬರೆದವನು ನಾನು, ಆದರೂ ಹುಡುಗಿ ಹೋಗಲಿ ಎಂಬುದೇ ನನ್ನ ಮಾತು. ಕಂಪನಿಯ ಲಾಭ ನಷ್ಟದ ಪುಸ್ತಕ ಬೇರೆ, ಕೈಯ ಕೆಲಸ ಬೇರೆ. ಹೇಗೂ ಕಲ್ಲಿದ್ದಲು ಸ್ಥಾವರಗಳ ಬೇಡಿಕೆ ಮರಳಿ ಬಂದು ಈಗ ಅವರ ಆದೇಶದ ಪುಸ್ತಕ ತುಂಬಿದೆ. ಈ ಸಲವಾದರೂ ಹೊತ್ತಿಗೆ ಕೊಡುತ್ತಾರೋ ನೋಡಬೇಕು.

ಅಂಬಿಕಾನಗರದ ಹಳೆಯ ಫಿಟ್ಟರ್

ಮಗಳೇ, ಹಳೆಯ ವೈಟ್ ಮೆಟಲ್ ಪ್ಯಾಡುಗಳು ಇರುವ ಕಡೆ ಆ ಕೆಲಸ ಈಗಲೂ ಇದೆ. ಆದರೆ ಹಲವು ಯಂತ್ರಗಳಿಗೆ ಈಗ ಟೆಫ್ಲಾನ್ ಹೊದಿಕೆಯ ಪ್ಯಾಡುಗಳು ಬಂದಿವೆ, ಅವನ್ನು ಕೆರೆದು ಕೂರಿಸುವಂತಿಲ್ಲ, ಕಾರ್ಖಾನೆಯಿಂದ ಬಂದಂತೆಯೇ ಇಡಬೇಕು. ಅವು ಹೆಚ್ಚು ಭಾರ ತಡೆಯುತ್ತವೆ ಎಂಬುದನ್ನು ನಾನೂ ಒಪ್ಪುತ್ತೇನೆ, ಮನಸ್ಸಿಲ್ಲದ ಮನಸ್ಸಿನಿಂದ.

ಕಲಿಯಬೇಕೆಂದಿದ್ದರೆ ನನ್ನ ಸ್ಕ್ರೇಪರ್ ಇನ್ನೂ ಟ್ರಂಕಿನಲ್ಲಿದೆ, ಹಳೆಯ ಅರ (ಫೈಲು) ಒಂದನ್ನು ಸಾಣೆ ಹಿಡಿದು ನಾನೇ ಮಾಡಿಕೊಂಡದ್ದು. ಒಂದು ಸವೆದ ಬುಷ್ ಮತ್ತು ನೀಲಿ ಬಣ್ಣದ ಟ್ಯೂಬ್ ತೆಗೆದುಕೊಂಡು ನಿಮ್ಮ ಮಾಸ್ತರರ ಜೊತೆ ನಾಲ್ಕೈದು ಜನ ದಾಂಡೇಲಿಗೆ ಬನ್ನಿ. ಮಳೆ ಹಿಡಿಯುವ ಮೊದಲೇ ಬನ್ನಿ, ಆಮೇಲೆ ಅಣಶಿ ಘಟ್ಟ ಯಾವಾಗ ಕುಸಿದು ಬಂದ್ ಆಗುತ್ತದೆಂದು ಹೇಳಲು ಬರುವುದಿಲ್ಲ.